ನಿಮಗೆ ಬಿಡುವಾದಾಗ

ಆಸ್ಪತ್ರೆ, ಮೂರನೇ ಮಹಡಿ
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನೀನೂ ಅತ್ತಿಗೆಯೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಹೋದ ಸಲ ಫೋನ್ ಮಾಡಿದಾಗ ನೀನು ಕೆಮ್ಮುತ್ತಿದ್ದೆ, ಕಡಿಮೆಯಾಯಿತೇ? ದಿನವಿಡೀ ಮಾತಾಡಿಯೇ ಅನ್ನ ಸಂಪಾದಿಸುವವನು ನೀನು, ಗಂಟಲನ್ನು ಸ್ವಲ್ಪ ನೋಡಿಕೋ. ಅತ್ತಿಗೆಯ ಬೆನ್ನುನೋವು ಹೇಗಿದೆ? ಭಾರ ಎತ್ತುವ ಕೆಲಸವನ್ನೆಲ್ಲ ಅವರ ಮೇಲೆ ಹಾಕಬೇಡ. ನನ್ನನ್ನು ಕೇಳಿದರೆ, ಈ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೂ ಕೂತೂ ನನ್ನ ಬೆನ್ನೂ ಅವರದಕ್ಕೆ ಜೊತೆಯಾಗಿದೆ. ಉಳಿದಂತೆ ಚೆನ್ನಾಗಿದ್ದೇನೆ. ಹೊಲಿಗೆ ಅಂಗಡಿಗೆ ಅರ್ಧ ಬಾಗಿಲು ಹಾಕಿದ್ದೇನೆ, ಬೆಳಿಗ್ಗೆ ಸ್ವಲ್ಪ ಹೊತ್ತು ಕೂತು ತುರ್ತಿನ ಬಟ್ಟೆಗಳನ್ನು ಮುಗಿಸಿ ಇಲ್ಲಿಗೆ ಬರುತ್ತೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿನ್ನ ಜೊತೆ ಜಗಳವಾಡುವುದು ನನ್ನಿಂದ ಆಗದ ಕೆಲಸ. ನಾನು ದನಿ ಏರಿಸಿದಷ್ಟೂ ನಿನ್ನ ದನಿ ಮೆತ್ತಗಾಗುತ್ತದೆ, ಕೊನೆಗೆ ನಾನೇ ಕ್ಷಮೆ ಕೇಳಿ ಫೋನ್ ಇಟ್ಟಿರುತ್ತೇನೆ. ಕಾಗದವಾದರೆ ನಡುವೆ ಬಾಯಿ ಹಾಕುವುದಿಲ್ಲ. ಅಮ್ಮ ಕಾಲು ಜಾರಿ ಬಿದ್ದಳು, ಸೊಂಟದ ಮೂಳೆ ಮುರಿಯಿತು ಎಂದಷ್ಟೇ ನಿನಗೆ ತಿಳಿಸಿದ್ದೆ. ಹೇಗೆ ಬಿದ್ದಳು ಎಂದು ನೀನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಓದು.

ಮೊದಲು ನಮ್ಮಮ್ಮ ಹೇಗಿದ್ದಳು ಎಂದು ನೆನಪಿಸಿಕೋ. ಅಷ್ಟು ದೊಡ್ಡ ಹಾಸ್ಟೆಲಿನ ಅಡುಗೆಮನೆಯನ್ನು ಬಾಯಿಂದಲೇ ನಡೆಸಿದವಳು. ಅವಳು ಒಂದು ಕೂಗು ಹಾಕಿದರೆ ಪಾತ್ರೆ ತೊಳೆಯುವವರ ಕೈ ಚುರುಕಾಗುತ್ತಿತ್ತು, ವಾರ್ಡನ್ ಕೂಡ ಉಂಡ ತಟ್ಟೆಯನ್ನು ತಾವೇ ಎತ್ತಿಡುತ್ತಿದ್ದರು. ಬೇಕು ಎಂದರೆ ಬೇಕು, ತಾ ಎಂದರೆ ತಾ. ನಿನ್ನನ್ನು ಅವಳು ಊಟಕ್ಕೆ ಕರೆದದ್ದೇ ಇಲ್ಲ, "ಏ ದೊಡ್ಡೋನೆ, ಎಲ್ಲಿ ಹಾಳಾಗಿ ಹೋದೆ, ಬಂದು ತಿನ್ನು" ಎಂದು ಬೈದೇ ಉಣ್ಣಿಸಿದಳು. ಆ ಬೈಗುಳದಲ್ಲೇ ನಾವಿಬ್ಬರೂ ಬೆಳೆದೆವು. ಅದಕ್ಕೆ ನಾವು ಯಾವತ್ತೂ ಬೇಜಾರು ಮಾಡಿಕೊಂಡದ್ದು ನನಗಂತೂ ನೆನಪಿಲ್ಲ.

ಆಮೇಲೆ ನೀನು ದೊಡ್ಡ ಹೋಟೆಲಿನಲ್ಲಿ ಕೆಲಸಗಾರರಿಗೆ ನಯದ ಇಂಗ್ಲಿಷ್ ಕಲಿಸುವವನಾದೆ. ಗಿರಾಕಿಯನ್ನು ಹೇಗೆ ಮಾತಾಡಿಸಬೇಕು, ಬೇಕಾದ್ದನ್ನು ಬೇಕು ಎನ್ನದೆ ಹೇಗೆ ಕೇಳಬೇಕು, ಆಗದ್ದನ್ನು ಆಗದು ಎನ್ನದೆ ಹೇಗೆ ಹೇಳಬೇಕು, ಅದು ನಿನ್ನ ವಿದ್ಯೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತೀಯ, ನಿಜ, ನನಗೂ ಹೆಮ್ಮೆಯೇ. ನಮ್ಮನ್ನು ನಿನ್ನ ಹೋಟೆಲಿಗೆ ಊಟಕ್ಕೆ ಕರೆದ ದಿನ, ನಿನ್ನ ಮೇಲಿನವರು ಪಕ್ಕದಲ್ಲೇ ಕೂತಿದ್ದಾಗ, ಅಮ್ಮ ಬಡಿಸುವವನನ್ನು ಬೆರಳಲ್ಲಿ ಕರೆದು "ವಾಟರ್ ಬ್ರಿಂಗ್" ಎಂದಳು. ಅವನು ಓಡಿಹೋಗಿ ತಂದ, ನಗುನಗುತ್ತಲೇ ತಂದ. ಅವಮಾನವಾದದ್ದು ನಿನಗೆ ಮಾತ್ರ. ಮುಂದಿನ ಭಾನುವಾರದಿಂದ ಫೋನಿನಲ್ಲಿ ಪಾಠ ಶುರುವಾಯಿತು. ಬ್ರಿಂಗ್ ಅನ್ನಬಾರದು, ಕುಡ್ ಯೂ ಪ್ಲೀಸ್ ಅನ್ನಬೇಕು. ವಾಂಟ್ ಅನ್ನಬಾರದು, ವುಡ್ ಲೈಕ್ ಅನ್ನಬೇಕು. ಕೆಲಸ ಹೇಳುವ ಮೊದಲು ತೊಂದರೆ ಕೊಡುತ್ತಿದ್ದೇನೆ ಎಂದು ಸಾರಿ ಕೇಳಬೇಕು, ಕೊನೆಗೆ ವೆನೆವರ್ ಯೂ ಆರ್ ಫ್ರೀ, ನಿಮಗೆ ಬಿಡುವಾದಾಗ, ಎಂದು ಸೇರಿಸಬೇಕು. ಹಾಗೆ ಸೇರಿಸಿದರೆ ಎದುರಿನವರು ಇನ್ನೂ ಬೇಗ ಮಾಡಿಕೊಡುತ್ತಾರೆ ಎಂದು ನೀನೇ ಹೇಳಿದ್ದೆ. ನಿನ್ನ ಹೋಟೆಲಿನಲ್ಲಿ ಹಾಗೆ ಇರಬಹುದು.

ನನ್ನ ಅಂಗಡಿಗೂ ಅಂಥವರು ಬರುತ್ತಾರೆ. ನಿಧಾನವಾಗಿ ಕೊಡಿ, ಏನೂ ಅವಸರವಿಲ್ಲ ಎಂದು ಬಾಯ್ತುಂಬ ನಕ್ಕು ಪ್ಯಾಂಟು ಕೊಟ್ಟು ಹೋದವರೇ ಸಂಜೆ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಅದು ನನಗೆ ಗೊತ್ತು, ಅದಕ್ಕೇ ಅವರ ಬಟ್ಟೆಯನ್ನೇ ಮೊದಲು ಹೊಲಿಯುತ್ತೇನೆ. ಅಮ್ಮನಿಗೆ ಮಾತ್ರ ಆ ಆಟ ಗೊತ್ತಿರಲಿಲ್ಲ. ನೀನು ಕಲಿಸಿದ್ದನ್ನು ಅವಳು ಸತ್ಯವೆಂದೇ ನಂಬಿದಳು. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದಳು, ನನ್ನ ಹೊಲಿಗೆ ಮಿಷನ್ನಿಗೂ ಪ್ಲೀಸ್ ಅನ್ನುತ್ತಿದ್ದಳು. ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಭಾನುವಾರದ ಪಾಠ ಮುಗಿದ ಕೂಡಲೇ ನೀನು ಫೋನ್ ಇಡುತ್ತೀಯ ಎಂದು ಅವಳು ಬೇಕಂತಲೇ ತಪ್ಪು ಹೇಳುತ್ತಿದ್ದಳು. ಬರುವುದನ್ನೇ ಬರುವುದಿಲ್ಲ ಎಂದು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದಳು. ನೀನು ಇನ್ನೊಂದು ಸಲ ಹೇಳಿಕೊಡುತ್ತಿದ್ದೆ, ಅವಳು ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದಳು.

ಪಿತ್ತಕೋಶದ ಕಲ್ಲು ತೆಗೆಸಲು ಅವಳನ್ನು ಇಲ್ಲಿಗೆ ಸೇರಿಸಿದೆ. ಆ ಆಪರೇಷನ್ ಸುಲಭವಾಗಿ ಮುಗಿಯಿತು, ಎರಡು ದಿನದಲ್ಲಿ ಮನೆಗೆ ಹೋಗಿ ಎಂದರು. ಇಲ್ಲಿನ ನರ್ಸುಗಳೆಲ್ಲ ಹೊರ ರಾಜ್ಯದವರು, ನಮ್ಮ ಮಾತು ಬರುವವರು ಯಾರೂ ಇಲ್ಲ, ಎಲ್ಲ ಇಂಗ್ಲಿಷಿನಲ್ಲೇ ಆಗಬೇಕು. ಅಮ್ಮನಿಗೆ ಅದೇ ಸಂಭ್ರಮ. ಕಲಿತದ್ದನ್ನು ಉಪಯೋಗಿಸಲು ಕೊನೆಗೂ ಒಂದು ಜಾಗ ಸಿಕ್ಕಿತಲ್ಲ. ಮಧ್ಯಾಹ್ನ ನಾನು ಅಂಗಡಿಗೆ ಹೋಗಿದ್ದಾಗ ಅವಳಿಗೆ ಬಾತ್‌ರೂಮಿಗೆ ಹೋಗಬೇಕಾಯಿತು. ಗಂಟೆ ಒತ್ತಿದಳು. ನರ್ಸ್ ಬಂದಳು. ಅಮ್ಮ ನೀನು ಕಲಿಸಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ತೊಂದರೆಗೆ ಕ್ಷಮಿಸಿ, ನಿಮಗೇನೂ ಅಭ್ಯಂತರವಿಲ್ಲದಿದ್ದರೆ, ನಿಮಗೆ ಬಿಡುವಾದಾಗ, ನನ್ನನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗಬಹುದೇ, ಅವಸರವೇನೂ ಇಲ್ಲ. ಖಂಡಿತ ಎಂದು ನಕ್ಕು ನರ್ಸ್ ಪಕ್ಕದ ಹಾಸಿಗೆಗೆ ಹೋದಳು. ಅಲ್ಲಿ ಒಬ್ಬ ಮುದುಕಿ ಇದ್ದಾಳೆ, ಮೀನು ಮಾರುತ್ತಿದ್ದವಳಂತೆ, ಅವಳು ಇಡೀ ವಾರ್ಡಿನ ವಂಶವನ್ನೇ ಜಾಲಾಡಿಸುವ ಹಾಗೆ ಕಿರುಚುತ್ತಿದ್ದಳು. ಅವಳಿಗೆ ಬೇಕಾದ್ದೆಲ್ಲ ಬಂತು. ನೀರು ಬಂತು, ದಿಂಬು ಬಂತು, ಬೆಡ್‌ಪ್ಯಾನ್ ಬಂತು. ಅಮ್ಮ ಇನ್ನೊಮ್ಮೆ ಗಂಟೆ ಒತ್ತಿ ಇನ್ನೂ ಹೆಚ್ಚು ಸಾರಿ ಕೇಳಿದಳು. ಖಂಡಿತ, ಖಂಡಿತ ಎಂದರು. ಮೂರನೇ ಸಲ ಗಂಟೆ ಒತ್ತಲು ಅವಳಿಗೆ ನಾಚಿಕೆಯಾಯಿತಂತೆ. ತಾನೇ ಎದ್ದು ಹೊರಟಳು, ಬಾಗಿಲ ಹತ್ತಿರ ಬಿದ್ದಳು. ಬಿದ್ದ ಮೇಲೂ ಕೂಗಲಿಲ್ಲ ಅಣ್ಣಾ. ಮೀನಿನ ಮುದುಕಿಯೇ ನೋಡಿ ಬೊಬ್ಬೆ ಹಾಕಿ ಎಲ್ಲರನ್ನೂ ಕರೆದಳು.

ನಾನು ಬಂದಾಗ ಆ ನರ್ಸ್ ಅಳುತ್ತಿದ್ದಳು. ಚಿಕ್ಕ ವಯಸ್ಸಿನ ಹುಡುಗಿ, ಎರಡು ವಾರ್ಡಿಗೆ ಒಬ್ಬಳೇ. ನಿಮ್ಮ ತಾಯಿಯಷ್ಟು ಒಳ್ಳೆಯ ಪೇಷೆಂಟ್ ನಮಗೆ ಯಾರೂ ಇಲ್ಲ, ಅವರು ಯಾವತ್ತೂ ಅರ್ಜೆಂಟ್ ಅನ್ನಲೇ ಇಲ್ಲ ಎಂದಳು. ಅವಳ ಮೇಲೆ ಕೂಗಾಡಬೇಕೆಂದೇ ಬಂದಿದ್ದೆ. ಹೇಳಿದ ಮಾತನ್ನು ಹೇಳಿದ ಹಾಗೇ ನಂಬಿದ್ದಕ್ಕೆ ಅವಳನ್ನು ಹೇಗೆ ಬೈಯಲಿ? ವಾರ್ಡಿನ ಮೇಲ್ವಿಚಾರಕಿ ಮಾತ್ರ ನಿನ್ನ ಜಾತಿಯವಳು. ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ, ತಾವು ದಯವಿಟ್ಟು ಸಹಕರಿಸಿದರೆ ಕೃತಜ್ಞರಾಗಿರುತ್ತೇವೆ ಎಂದಳು. ಮುರಿದ ಸೊಂಟಕ್ಕೆ ಅನನುಕೂಲ ಎನ್ನುತ್ತಾರೆ ಎಂದು ನನಗೆ ಅವತ್ತು ಗೊತ್ತಾಯಿತು.

ಸೊಂಟಕ್ಕೆ ರಾಡ್ ಹಾಕಿದ್ದಾರೆ. ನಿನಗೆ ತಿಳಿಸಿದೆ, ಬಾ ಎಂದೆ. ನೀನು ಇಂಗ್ಲಿಷಿನಲ್ಲಿ ಮೆಸೇಜು ಕಳಿಸಿದೆ. ನಮ್ಮ ಮನೆಯಲ್ಲಿ ಹುಟ್ಟಿದವನು, ನನ್ನ ಜಡೆ ಎಳೆದು ಏಟು ತಿಂದವನು, ನನಗೆ ಇಂಗ್ಲಿಷಿನಲ್ಲಿ ಬರೆದೆ. ಈ ತಿಂಗಳು ನಾನು ಬರದಿದ್ದರೆ ನಿನಗೆ ತುಂಬ ಬೇಸರವಾಗುತ್ತದೆಯೇ, ಇನ್ನು ಸ್ವಲ್ಪ ಕಾಲ ನೀನೇ ನಿಭಾಯಿಸಲು ಸಾಧ್ಯವಾಗಬಹುದೇ ಎಂದು ಯೋಚಿಸುತ್ತಿದ್ದೆ, ನೀನು ಹಾಗೆ ಮಾಡಿದರೆ ನಾನು ಎಂದೆಂದಿಗೂ ಋಣಿ ಎಂದಿತ್ತು ಅದರಲ್ಲಿ. ಅಮ್ಮನಿಗೆ ಓದಿ ಹೇಳಿದೆ. ನೋವಿನಲ್ಲೂ ಅವಳ ಮುಖ ಅರಳಿತು. "ಎಷ್ಟು ಚೆನ್ನಾಗಿ ಕೇಳಿದಾನೆ ನೋಡೇ, ಇಂಥೋನಿಗೆ ಇಲ್ಲ ಅನ್ನೋಕಾಗುತ್ತಾ" ಎಂದಳು. ಬರೋಲ್ಲ ಎಂದು ಒಂದೇ ಮಾತಿನಲ್ಲಿ ಬರೆದಿದ್ದರೆ ಅವಳು ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದು ಹಗುರವಾಗುತ್ತಿದ್ದಳು. ನಾನೂ ಬೈಯುತ್ತಿದ್ದೆ. ಆ ದಾರಿಯನ್ನೂ ಮುಚ್ಚಿಬಿಟ್ಟೆ ನೀನು. ನಿನ್ನ ಮೇಲೆ ನನಗೆ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಈಗ ಅವಳನ್ನು ದಿನಾ ಎಬ್ಬಿಸಿ ನಿಲ್ಲಿಸಬೇಕು. ನಡೆಸಲು ಬರುವವನು ಎಲ್ಲಿ ನೋವು, ಎಷ್ಟು ನೋವು ಎಂದು ಕೇಳುತ್ತಾನೆ. ಐ ಯಾಮ್ ಫೈನ್, ಥ್ಯಾಂಕ್ಯೂ ಎನ್ನುತ್ತಾಳೆ, ಹಲ್ಲು ಕಚ್ಚಿಕೊಂಡು. ಊಟ ಸಾಕೇ ಎಂದರೆ ಸಾಕು, ಬೇಡವೇ ಎಂದರೆ ಬೇಡ. ನೋವು ಹೇಳದವರ ಕಾಲು ಸರಿಯಾಗುವುದಿಲ್ಲ, ಹೀಗೇ ಆದರೆ ಇವರು ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ಡಾಕ್ಟರು ನಿನ್ನೆ ನನಗೆ ಕಾರಿಡಾರಿನಲ್ಲಿ ಹೇಳಿದರು. ಅವರು ಪ್ಲೀಸ್ ಗೀಸ್ ಏನೂ ಸೇರಿಸಲಿಲ್ಲ, ಒಳ್ಳೆಯ ಮನುಷ್ಯ.

ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಕೆಮ್ಮು ನಿಲ್ಲದಿದ್ದರೆ ಯಾರಿಗಾದರೂ ತೋರಿಸು. ಸಿಟ್ಟಿನಲ್ಲಿ ಬರೆದಿದ್ದೇನೆ, ಆದರೆ ಒಂದು ಮಾತನ್ನೂ ಹೊಡೆದುಹಾಕುವುದಿಲ್ಲ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಮೊಂಡಿ

ಮರೆತೆ. ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಅಮ್ಮ ನನ್ನನ್ನು ನೀರು ಕೇಳಿದಳು. ಇಂಗ್ಲಿಷಿನಲ್ಲಿ ಕೇಳಿದಳು, ತೊಂದರೆಯಾಗದಿದ್ದರೆ ಎಂದು ಸೇರಿಸಿ, ನನ್ನ ಮುಖವನ್ನೇ ಹೆದರಿ ನೋಡುತ್ತಾ. ನಾನು ಯಾರು ಗೊತ್ತಾಯಿತೇನೇ ಎಂದರೆ, "ಗೊತ್ತು ಕಣೇ, ನಮ್ಮ ಮೊಂಡಿ" ಎಂದಳು. ಮತ್ತೆ ಹಾಗೇಕೆ ಕೇಳಿದೆ ಎಂದರೆ, "ನಿನಗೂ ಸಾಕಾಗಿರುತ್ತಲ್ಲ" ಎಂದಳು. ನಾನು ಹೊರಗೆ ಹೋಗಿ ಅತ್ತು ಬಂದೆ. ಅಣ್ಣಾ, ಈ ಕಾಗದ ಕೈಗೆ ಬಂದ ದಿನವೇ ಹೊರಡು. ಏನೂ ತರಬೇಡ, ಏನೂ ಮಾತಾಡಬೇಡ, ಅವಳ ಮುಂದೆ ಬಂದು ನಿಲ್ಲು. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಅವಳು ಬೈದರೆ ಬದುಕಿಕೊಳ್ಳುತ್ತಾಳೆ. ಥ್ಯಾಂಕ್ಯೂ ಫಾರ್ ಕಮಿಂಗ್ ಎಂದು ನಿನಗೂ ಅಂದುಬಿಟ್ಟರೆ, ನಮಗಿಬ್ಬರಿಗೂ ಇನ್ನು ಅಮ್ಮ ಇಲ್ಲ.