ಆಶಾಳ ಮುಖಸನ್ನೆ

ಫೆಬ್ರವರಿ 16, ಭಾನುವಾರ

ಸೀರೆ ನೇಯುವುದನ್ನು ಅರ್ಧಕ್ಕೆ ನಿಲ್ಲಿಸಿದೆವು. ಚಳ್ಳಕೆರೆಯಿಂದ ಚೌಡೇಶ್ ಬಂದಿದ್ದ, ಹೆಣ್ಣು ನೋಡಲು, ತಾಯಿ ರಾಧಮ್ಮನ ಜೊತೆ. ನನ್ನ ಮಗಳು ಆಶಾಳಂತೆ ಅವನಿಗೂ ಕಿವಿ ಕೇಳುವುದಿಲ್ಲ. ಕಿವುಡರ ಸ್ಕೂಲಲ್ಲಿ ಕಲಿತವನು, ಮಾತೆಲ್ಲ ಕೈಯಲ್ಲಿ. ಆಶಾಳನ್ನು ಸ್ಕೂಲಿಗೆ ಕಳಿಸಲಿಲ್ಲ. ನಾನೇ ಐದನೇ ಕ್ಲಾಸಿಗೆ ಬಿಟ್ಟವಳು... ನಮ್ಮ ಮನೆಯಲ್ಲಿ ಕೈ ಯಾವಾಗಲೂ ಮಗ್ಗದ ಮೇಲೆ, ನೂಲು ಹಾಯಿಸುವ ಲಾಳಿ ಬಿಡುವಂತಿಲ್ಲ. ಅದಕ್ಕೆ ಹುಬ್ಬು, ಗದ್ದ, ಭುಜದಲ್ಲೇ ಸನ್ನೆ. ಅವನು ಅವಳ ಕೈ ನೋಡಿದ. ಅವಳು ಅವನ ಮುಖ ನೋಡಿದಳು. ಇಬ್ಬರಿಗೂ ಏನೂ ತಿಳಿಯಲಿಲ್ಲ. ಫೋನ್ ನಂಬರ್ ಮಾತ್ರ ತಗೊಂಡ.

ಮಾರ್ಚ್ 6, ಗುರುವಾರ

ದಿನಾ ವಿಡಿಯೋ ಕಾಲ್. ಇವತ್ತು ಅವನೂ ಗದ್ದ ಕುಣಿಸಿದ! ಆಶಾ ಲಾಳಿ ಬಿಟ್ಟು ಕೈಯೆತ್ತಿದಳು. ಯಾವುದು ಅವನದು, ಯಾವುದು ಇವಳದು — ನನಗೇ ತಿಳಿಯದ ಸನ್ನೆಗಳು. ನನ್ನ ಗಂಡ, "ಏಮೇ, ಮಗಳು ಲಾಳಿ ಬಿಟ್ಲು, ಇನ್ಮೇಲೆ ಬಾರ್ಡರ್ ನೇಯೋಕೆ ಅಳಿಯನ್ನ ಕರೆಸ್ತೀಯಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ಸಲೀಸಾದರೆ ಭಯ.

ಮಾರ್ಚ್ 22, ಶನಿವಾರ

ನಾಳೆ ಚೌಡೇಶನ ಮನೆಯವರು ಹಿರಿಯರ ಜೊತೆ ಬರುತ್ತಾರೆ, ಮಾತು ಪಕ್ಕಾ ಮಾಡಲು. ಪಕ್ಕದ ಮನೆ ಪಾಲಮ್ಮ ಅಂದಳು, "ಶಾರದಕ್ಕಾ, ಅವ್ರ ಮುಂದೆ ನಿನ್ ಮಗಳು ಮಕ ಹಂಗೆಲ್ಲ ತಿರುಚಿದ್ರೆ ತಲೆ ಸರಿ ಇಲ್ಲ ಅಂತಾರೆ, ನೋಡ್ಕೋ." ಆಶಾಳನ್ನು ಕನ್ನಡಿ ಮುಂದೆ ಕೂರಿಸಿದೆ. ಮುಖ ಅಲ್ಲಾಡಬಾರದು, ಕೈ ಮಡಿಲಲ್ಲೇ ಇರಬೇಕು — ತೋರಿಸಿಕೊಟ್ಟೆ. ಯಾಕೆ ಎಂದು ಗದ್ದ ಎತ್ತಿದಳು. ಅದೂ ಬೇಡ ಅಂದೆ.

ಮಾರ್ಚ್ 23, ಸಂಜೆ

ಎಲ್ಲರ ಮುಂದೆ ಚೌಡೇಶನೇ ಕೇಳಿದ. ಮೊದಲು ಕೈಯಲ್ಲಿ, ಆಮೇಲೆ ನಮ್ಮಂತೆ ಹುಬ್ಬಿನಲ್ಲಿ. ನನಗೂ ತಿಳಿಯಿತು: ನಾನು ಇಷ್ಟಾನಾ? ಆಶಾ ನನ್ನ ಕಡೆ ನೋಡಿದಳು. ನಾನು ಕಣ್ಣಲ್ಲೇ ಹೂಂ ಅನ್ನು ಅಂದೆ. ಅವಳಿಗೆ ಅದೂ ಎಚ್ಚರಿಕೆಯಂತೆ ಕಂಡಿತೇನೋ. ಮುಖ ಹಾಗೇ ಇಟ್ಟಳು. ಮತ್ತೆ ಕೇಳಿದ. ಹಾಗೇ. ಅವನ ಕೈ ಕೆಳಗಿಳಿಯಿತು.

ರಾಧಮ್ಮ ಎದ್ದರು. "ಹುಡುಗಿಗೆ ಮನಸಿಲ್ಲ ಕಣ್ರಿ. ಬಲವಂತ ಬ್ಯಾಡ."

"ಐತೆ ಕಣ್ರಿ, ಐತೆ! ನಾನೇ ಹಂಗೆ ಕೂರು ಅಂದಿದ್ದೆ..."

"ಹೆತ್ತವ್ರು ಹಂಗೇ ಅನ್ನೋದು, ಬಿಡ್ರಿ."

ಏಪ್ರಿಲ್ 9

ಅವನು ಕಾಲ್ ಎತ್ತುತ್ತಿಲ್ಲ. ದೇವಸಮುದ್ರದ ಹುಡುಗಿ ಜೊತೆ ಅವನ ಮದುವೆ ಗೊತ್ತಾಗಿದೆಯಂತೆ, ಅವನ ಸ್ಕೂಲಿನವಳೇ.

ಆಶಾ ನೇಯುತ್ತಾಳೆ. ಮಗ್ಗದ ಎದುರು ನಿಂತು ಹುಬ್ಬೆತ್ತಿ ಕೇಳಿದೆ, ಉಣ್ಣಲ್ವಾ? ನೋಡಿದಳು. ಮುಖ ಅಲ್ಲಾಡಲಿಲ್ಲ. ಮತ್ತೆ ಕೇಳಿದೆ. ನೋಡುತ್ತಲೇ ಇದ್ದಳು, ನಾನು ಹೇಳಿಕೊಟ್ಟ ಹಾಗೇ, ಮುಖ ಒಂದು ಚೂರೂ ಅಲ್ಲಾಡಿಸದೆ.