ಅವ್ವನಿಗೆ ಜ್ಞಾನವಿಲ್ಲವಂತೆ

ಗೊರೇಬಾಳ
15 ಜನವರಿ 2025

ನನ್ನ ತಂಗಿ ಭಾರತಿಗೆ,

ಹೇಗಿದ್ದೀಯವ್ವ? ಮಸ್ಕಿಯ ಚಳಿಗೆ ಕೂಸಿನ ಕೆಮ್ಮು ಹೆಚ್ಚಾಗಿಲ್ಲ ತಾನೇ? ಹಾಸ್ಟೆಲ್ಲಿನ ಒಲೆ ಮುಂದೆ ನಿಂತು ನಿಂತು ನಿನ್ನ ಸೊಂಟ ಹೋಯಿತೆಂದು ಅವ್ವ ದಿನಾ ಹಲುಬುತ್ತಾಳೆ. ನಾವಿಲ್ಲಿ ಮೈಯಲ್ಲಿ ಚೆನ್ನಾಗಿದ್ದೇವೆ. ನನ್ನ ತಲೆ ಮಾತ್ರ ನೆಟ್ಟಗಿಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕೇರಿಯ ಸುಡುಗಾಡನ್ನು ಪಕ್ಕದ ಗದ್ದೆಯವರು ವರ್ಷವರ್ಷವೂ ಒಡ್ಡು ಸರಿಸಿ ನುಂಗುತ್ತಿದ್ದಾರಲ್ಲ, ಶುಕ್ರವಾರ ಲಿಂಗಸುಗೂರಿನ ಎ.ಸಿ. ಸಾಹೇಬರ ಕಚೇರಿಯಲ್ಲಿ ಅದರ ವಿಚಾರಣೆ ಇತ್ತು. ಅವ್ವನೇ ಸಾಕ್ಷಿ. ಸಿಂಧನೂರಿನಲ್ಲಿ ಬಸ್ಸು ಹತ್ತಿದಾಗಿನಿಂದ ಅವಳಿಗೆ ಸರ್ವೆ ನಂಬರು ಬಾಯಿಪಾಠ ಮಾಡಿಸಿದೆ. ಮಸ್ಕಿಯಲ್ಲಿ ನಿನ್ನನ್ನು ನೋಡುತ್ತೇನೆಂದರೂ ಇಳಿಯಗೊಡಲಿಲ್ಲ. ಸಾಹೇಬರು ಕೇಳಿದ್ದು ಒಂದೇ ಮಾತು, ಆ ಜಾಗದ ಬಗ್ಗೆ ನಿಮಗೇನು ಗೊತ್ತು ಎಂದು. ಅವಳಿಗೆ ನಂಬರು ಮರೆತೇಹೋಗಿತ್ತು. ಅವ್ವ ಸೆರಗು ಹೊದ್ದು, ಕೈಮುಗಿದು, ದೊಡ್ಡವರ ಮುಂದೆ ನಮ್ಮ ಹೆಂಗಸರು ಮಾತು ಶುರುಮಾಡುವ ಹಾಗೇ ಶುರುಮಾಡಿದಳು: "ನಮಗೇನ್ ಗೊತ್ತೈತ್ರೀ ಸಾಹೇಬ್ರ, ನೀವಾ ತಿಳಿದೋರು." ಅದು ಬರೀ ಮರ್ಯಾದೆ, ಮಾತು ಆಮೇಲೆ ಬರುತ್ತದೆ. ಅವರು ಕಾಯಲಿಲ್ಲ. ಗುಮಾಸ್ತ ಬರೆದೇಬಿಟ್ಟ: ‘ಸಾಕ್ಷಿಗೆ ಸದರಿ ಜಾಗದ ಬಗ್ಗೆ ಜ್ಞಾನವಿಲ್ಲ.’

ಅವನನ್ನು ಬೈದು ಹಗುರಾಗೋಣವೆಂದರೆ, ಅವ್ವನ ಹೆಬ್ಬೆಟ್ಟಿನ ಪಕ್ಕ ‘ಓದಿ ತಿಳಿಸಿದ್ದೇನೆ’ ಎಂಬಲ್ಲಿ ನನ್ನದೇ ಸಹಿ ಇದೆ. ಬಸ್ಸು ತಪ್ಪೀತೆಂದು ಓದದೇ ಗೀಚಿದ್ದೆ. ಇಪ್ಪತ್ತು ವರ್ಷ ಸಂಘದ ಸಭೆಗಳಲ್ಲಿ ಮೈಕು ಹಿಡಿದು, ಜ್ಞಾನ ಯಾರಪ್ಪನ ಆಸ್ತಿ ಎಂದು ಕೂಗಿದವನು ನಾನು.

ನಿನ್ನೆ ಅವ್ವ ಸುಡುಗಾಡಿಗೆ ಕರೆದೊಯ್ದು ನನ್ನ ಚಪ್ಪಲಿ ಬಿಡಿಸಿದಳು. ಹೂತವರನ್ನು ಒಬ್ಬೊಬ್ಬರಾಗಿ ತೋರಿಸುತ್ತ ನಡೆದಳು: ಜಾಲಿಗಿಡದ ಬುಡಕ್ಕೆ ಅಜ್ಜ. ಮೂರು ಹೆಜ್ಜೆ ಆಚೆ, ಹಾವು ಕಚ್ಚಿದ ಕನಕರಾಯ. ಒಡ್ಡಿನ ಆ ಕಡೆ, ಭತ್ತದ ನಾಟಿಯೊಳಗೆ, ಇನ್ನೂ ಮೂವರು. ಕಲ್ಲಿಲ್ಲ, ಗುರುತಿಲ್ಲ, ಅವಳ ಕಾಲು ಎಲ್ಲೂ ತಡವರಿಸಲಿಲ್ಲ. ಬರೆದುಕೊಳ್ಳಲು ಪೆನ್ನು ತೆಗೆದರೆ "ಬರೀಬ್ಯಾಡಲೇ, ನೋಡು" ಎಂದಳು. ಇದಕ್ಕೆ ಏನೆನ್ನಬೇಕು ತಂಗೀ? ಜ್ಞಾನವೆಂದರೆ ಆ ಕಾಗದ ಒಪ್ಪುವುದಿಲ್ಲ. ಅಲ್ಲವೆಂದರೆ ನಾನು ಕಲಿತದ್ದೆಲ್ಲ ಏನು? ಗೊತ್ತಾಗುತ್ತಿಲ್ಲ.

ಕೂಸಿನ ನೆತ್ತಿ ಮೇಲೆ ಅವ್ವನ ಕೈ ಸದಾ ಇದೆ ಎಂದುಕೋ.

ನಿನ್ನ ಅಣ್ಣ
ಯಮನೂರ

ತಾ.ಕ.: ಜಗಳವಾಡಿ ಒಪ್ಪಿಸಿದ್ದೇನೆ, ಸೋಮವಾರ ಸಾಹೇಬರು ಜಾಗ ನೋಡಲು ಬರುತ್ತಾರೆ. ಅವ್ವನ ಜೊತೆಗೆ ನಾನು ಬೇಡವಂತೆ, ನೀನೇ ಬೇಕಂತೆ. ರಜೆ ಹಾಕಿ ಬಾ. ನಾಟಿಯೊಳಗಿನ ಮೂವರಲ್ಲಿ ಒಂದು ಅವ್ವನದೇ ಹೆಣ್ಣುಕೂಸು, ನಿನಗಿಂತ ಮೊದಲು ಹುಟ್ಟಿದ್ದು. ಅದರ ಹೆಸರೂ ಭಾರತಿ. ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತೇನು?