ಮಾಲಕರು ಕಾಪುವಿಗೆ ಹೋಗಿದ್ದಾರೆ

11 ನವೆಂಬರ್ 2025, ಮಂಗಳವಾರ. ಪರ್ಕಳ.

ನನ್ನ ನಾಲಿಗೆಗೆ ಎಂತ ಆಗಿತ್ತೋ! ಸರಕಾರಿ ಹಾಸ್ಟೆಲಿಗೆ ಬೆಡ್‌ಶೀಟ್ ಕೊಡುವ ಟೆಂಡರ್ ಹಾಕಿದ್ದೆನಲ್ಲ, ಆ ಕಚೇರಿಯಿಂದ ಮಧ್ಯಾಹ್ನ ಫೋನ್ ಬಂತು. "ಮಾಲಕರು ಇದ್ದಾರಾ?" ಎಂದರು. ಹೊಲಿಗೆ ನಿಲ್ಲಿಸದೆ, "ಇಲ್ಲ, ಅವರು ಕಾಪುವಿಗೆ ಹೋಗಿದ್ದಾರೆ" ಎಂದುಬಿಟ್ಟೆ.

ಉದ್ಯಮ್ ಸರ್ಟಿಫಿಕೇಟಿನಲ್ಲಿ ಮಾಲಕಿ ಸ್ವರ್ಣಲತಾ ಎಂದು ನನ್ನ ಹೆಸರೇ ಉಂಟು. ಮಹಿಳೆಯ ಸಣ್ಣ ಉದ್ಯಮ ಎಂಬ ರಿಯಾಯಿತಿಯಲ್ಲೇ ಠೇವಣಿ ಕಟ್ಟದೆ ಟೆಂಡರ್ ಹಾಕಿದ್ದು. ಬಟ್ಟೆ ಆರಿಸುವುದು, ಕತ್ತರಿಸುವುದು, ದರ ಬರೆಯುವುದು ಎಲ್ಲ ನಾನೇ. ಕಾಪುವಿಗೆ ಹೋದ ನನ್ನ ಗಂಡನದ್ದು ಸ್ಕೂಟರಿನಲ್ಲಿ ಬಟ್ಟೆಯ ಕಟ್ಟು ಮುಟ್ಟಿಸುವ ಕೆಲಸ, ಅಷ್ಟೆ.

ಫೋನಿನವರು, "ಹೆಸರಿಗೆ ಮಾತ್ರ ಹೆಂಗಸರದ್ದಾ ಅಮ್ಮ?" ಎಂದು ಕೇಳಿದರು. ಮೈಯೆಲ್ಲ ಉರಿಯಿತು. ಅವರದ್ದು ತಪ್ಪು ಎನ್ನುವ ಹಾಗೂ ಇಲ್ಲ. "ನಾನೇ ಮಾಲಕಿ" ಎಂದೆ, ತಡವಾಗಿ.

"ಹಾಗಾದರೆ ನಾಳೆ ಬಂದು ನೋಡುತ್ತೇವೆ."

ಸಂಜೆ ಇವರಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾಳೆ ನನಗೆಂತ ಕೆಲಸ, ಮಾಲಕರೇ?"

"ಬಂದವರಿಗೆ ಚಹಾ ಮಾಡಿ" ಎಂದೆ. ಒಪ್ಪಿದ್ದಾರೆ.

ಕಡತ ತೆಗೆದಿಟ್ಟಿದ್ದೇನೆ. ಬಾಗಿಲಲ್ಲಿ ಕಚೇರಿಯವರನ್ನು ಕಂಡ ಕೂಡಲೇ "ಕೂತುಕೊಳ್ಳಿ, ಇವರನ್ನು ಕರೆಯುತ್ತೇನೆ" ಎಂದು ನನ್ನ ಬಾಯಿಗೆ ಬರದಿದ್ದರೆ ಸಾಕು.